ಹೆಸರಿನ ಬೆನ್ನಿಗೆ ಬರುವ ಸಣ್ಣ ಮಾತು

ನನಗೆ ಇಂಗ್ಲಿಷ್ ಬರುತ್ತದೆ ಎಂದು ಯಾರ ಹತ್ತಿರವೂ ಹೇಳಿಕೊಂಡವನಲ್ಲ ನಾನು. ಬರುವುದಿಲ್ಲ ಎಂದು ಒಪ್ಪಿಕೊಂಡವನೂ ಅಲ್ಲ. ಈ ಎರಡರ ನಡುವೆ ಒಂದು ಕಿರಿದಾದ ಓಣಿಯಿದೆ. ಆ ಓಣಿಯಲ್ಲಿ ಮೂವತ್ತು ವರ್ಷದಿಂದ ತಲೆ ಎತ್ತಿಕೊಂಡೇ ಓಡಾಡುತ್ತಿದ್ದೇನೆ.

ಕೊಳ್ಳೇಗಾಲದಲ್ಲಿ ನನ್ನದೊಂದು ಮೋಟಾರು ರಿಪೇರಿ ಅಂಗಡಿ. ಏಳನೇ ಕ್ಲಾಸಿಗೆ ಪುಸ್ತಕದ ಚೀಲ ಇಳಿಸಿ ತಾಮ್ರದ ತಂತಿ ಹಿಡಿದವನು ಇವತ್ತಿಗೂ ಬಿಟ್ಟಿಲ್ಲ. ಸುಟ್ಟ ಮೋಟಾರನ್ನು ಮೂಸಿ ನೋಡಿ ಅದು ಯಾಕೆ ಸುಟ್ಟಿತು ಎಂದು ಹೇಳಬಲ್ಲೆ. ಇದನ್ನು ನೀವು ಜಂಬ ಅನ್ನಬಹುದು. ಅನ್ನಿ, ಬೇಜಾರಿಲ್ಲ. ಮೈಮುರಿದು ದುಡಿದು ಸಂಪಾದಿಸಿದ ಜಂಬ ಅದು, ಯಾರೂ ಉಡುಗೊರೆ ಕೊಟ್ಟದ್ದಲ್ಲ.

ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಗಟ್ಟಿಯಾಗಿ ಓದಬಲ್ಲೆ. ಓದಿದ್ದರ ಅರ್ಥ ಮಾತ್ರ ಹೊಳೆಯ ಆಚೆ ದಡದಲ್ಲಿ ನಿಂತಿರುತ್ತದೆ. ಆದರೂ ಆರು ಪದಗಳು ಈಚೆ ದಡಕ್ಕೆ ದಾಟಿ ಬಂದು ನನ್ನ ಮನೆಯವರೇ ಆಗಿಬಿಟ್ಟಿವೆ: ಆನ್, ಆಫ್, ಇನ್, ಔಟ್, ಅಪ್, ಡೌನ್. ಸ್ವಿಚ್ಚಿನ ಮೇಲೆ, ಪಂಪಿನ ಮೂತಿಯ ಮೇಲೆ, ರಟ್ಟಿನ ಪೆಟ್ಟಿಗೆಯ ಪಕ್ಕೆಯ ಮೇಲೆ ದಿನಾ ಕಾಣುವವು. ಒಂಟಿಯಾಗಿ ಇದ್ದಾಗ ಇವು ಊರ ಯಜಮಾನರ ಹಾಗೆ ಗತ್ತಿನಲ್ಲಿ ಕೂತಿರುತ್ತವೆ. ಆದರೆ ಒಂದು ವಾಕ್ಯದೊಳಗೆ ಹೋದ ಕೂಡಲೇ ಏನಾಗುತ್ತದೋ, ಹಿಂದಿನ ಸೀಟಿಗೆ ಹೋಗಿ ಕೂರುತ್ತವೆ. ‘ವಿತ್ ದ ಪವರ್ ಆಫ್.’ ‘ವಿತ್ ದ ಕವರ್ ಆನ್.’ ಮುಂದೆ ಹೆಸರು, ಅದರ ಬೆನ್ನಿಗೆ ಈ ಪುಟಾಣಿ. ಪ್ರಾಣ ಉಳಿಸುವ ಮಾತನ್ನು ಕಟ್ಟಕಡೆಗೆ ಯಾಕೆ ಇಟ್ಟರು ಇವರು ಎಂಬ ಕುತೂಹಲ ನನಗೆ ಹತ್ತಿಕೊಂಡು ಈಗ ಒಂದು ವರ್ಷವಾಯಿತು.

ಯಳಂದೂರಿನಲ್ಲಿ ಗುರುಮಲ್ಲಪ್ಪ ಮೇಷ್ಟ್ರು ಎಂಬುವರಿದ್ದಾರೆ. ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಅವರ ಮನೆಯ ಸಂಪಿನ ಪಂಪು ಬಿಚ್ಚಿ ಹರವಿಕೊಂಡು ಕೂತಿದ್ದಾಗ ಈ ಸಂದೇಹ ಕೇಳಿಯೇಬಿಟ್ಟೆ. ಪಂಪು ಕೆಟ್ಟಾಗ ಮೇಷ್ಟ್ರುಗಳು ತುಂಬ ತಾಳ್ಮೆಯಿಂದ ಪಾಠ ಹೇಳುತ್ತಾರೆ.

“ಅದು ಕ್ರಿಯಾವಿಶೇಷಣ ಕಣಯ್ಯ ಸಿದ್ದಪ್ಪ. ಅವರಲ್ಲಿ ನಾಮಪದದ ಹಿಂದೆ ಬಂದು ನಿಲ್ಲುತ್ತೆ. ಇನ್ ದ ರೂಮ್ ಅಪ್‌ಸ್ಟೇರ್ಸ್. ಆನ್ ದ ವೇ ಬ್ಯಾಕ್. ಫ್ರಮ್ ದಟ್ ಡೇ ಆನ್.”

“ಯಾಕೆ ಸಾ ಹಿಂದೆ?”

“ಯಾಕೆ ಅಂದ್ರೆ? ನೀನು ನಟ್ಟನ್ನ ಯಾಕೆ ಬಲಕ್ಕೆ ತಿರುಗಿಸ್ತೀಯ?”

“ಎಡಕ್ಕೆ ತಿರುಗ್ಸಿದ್ರೆ ಬಿಚ್ಕತದೆ ಸಾ.”

“ಇದೂ ಅಷ್ಟೇ. ಮುಂದಕ್ಕೆ ಹಾಕಿದ್ರೆ ವಾಕ್ಯ ಬಿಚ್ಚಿಕೊಳ್ಳುತ್ತೆ.”

ಉತ್ತರ ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಕಲಿತವರ ಈ ಕೌಶಲಕ್ಕೆ ನಾನು ಯಾವಾಗಲೂ ಬೆರಗಾಗುತ್ತೇನೆ.

ಬೈಕಿನಲ್ಲಿ ವಾಪಸು ಬರುವಾಗ ಅದನ್ನೇ ಮೆಲುಕು ಹಾಕುತ್ತಿದ್ದೆ. ನಾವಾದರೆ ‘ಮೇಲಿನ ಕೋಣೆ’ ಅನ್ನುತ್ತೇವೆ, ‘ವಾಪಸು ಬರುವ ದಾರಿ’ ಅನ್ನುತ್ತೇವೆ. ಎಲ್ಲಿ, ಹೇಗೆ ಎಂಬುದನ್ನು ಮೊದಲೇ ಹೇಳಿ ಆಮೇಲೆ ವಸ್ತುವನ್ನು ಕರೆತರುತ್ತೇವೆ. ಮನೆಗೆ ನೆಂಟ ಬರುವ ಮುಂಚೆಯೇ ಅವನು ಯಾವ ಊರು, ಯಾರ ಮಗ ಎಂದು ಸುದ್ದಿ ಬಂದಿರುತ್ತದಲ್ಲ, ಹಾಗೆ. ಇಂಗ್ಲಿಷಿನವರು ನೆಂಟನನ್ನು ಮೊದಲು ಚಾಪೆಯ ಮೇಲೆ ಕೂರಿಸಿ, ನೀರು ಕೊಟ್ಟು, ಆಮೇಲೆ ‘ಇವನು ಕೆಳಗಿನ ಬೀದಿಯವನು’ ಎನ್ನುತ್ತಾರೆ. ನಮ್ಮ ಪದ್ಧತಿಯೇ ವಾಸಿ ಎಂದು ಹೆಂಡತಿ ರಾಜಮ್ಮನ ಮುಂದೆ ಹೆಮ್ಮೆಯಿಂದ ಹೇಳಿದೆ.

ಅವಳು ಅಕ್ಕಿ ಆರಿಸುತ್ತಿದ್ದಳು. “ಏನ್ ವಾಸಿ? ಮದ್ವೆ ಮನೆಗೆ ಓಗವ ಅಂದ್ರೆ ನೀವು ‘ನಾನೂ ಬೆಳಿಗ್ಗೇನೆ ಎದ್ದು, ಅಂಗ್ಡಿ ಬೀಗ ಹಾಕಿ, ನಿನ್ ಜೊತೇಲಿ’ ಅಂತ ರಾಗ ಎಳೀತೀರಿ. ಬತ್ತೀನಿ ಅಂತೀರೋ ಬರಕ್ಕಿಲ್ಲ ಅಂತೀರೋ ಕೊನೇಗಂಟ ನಾನು ಬಾಯ್ ಬುಟ್ಕಂಡ್ ಕಾಯ್ಬೇಕು. ನಮ್ ಮಾತೂ ಬಾಲದಲ್ಲೇ ಕಚ್ಚೋದು.”

ಅಲ್ಲಿಗೆ ನನ್ನ ಸಂಶೋಧನೆಯ ಒಂದು ಚಕ್ರ ಕಳಚಿ ಬಿತ್ತು. ಎಲ್ಲ ಭಾಷೆಗಳೂ ಏನಾದರೊಂದನ್ನು ಕೊನೆಗೆ ಉಳಿಸಿಕೊಂಡು ಕಾಯಿಸುತ್ತವೆ ಎಂದಾಯಿತು. ಹಾಗಿದ್ದ ಮೇಲೆ ಕೇಳಬೇಕಾದ ಪ್ರಶ್ನೆ, ಆ ಮಾತು ಯಾಕೆ ಕೊನೆಗೆ ಬರುತ್ತದೆ ಎಂಬುದಲ್ಲ. ಅದು ಬರುವ ತನಕ ನಾನು ಯಾಕೆ ಕಾಯುವುದಿಲ್ಲ ಎಂಬುದು. ಆ ಪ್ರಶ್ನೆಯನ್ನು ನನಗೆ ಹಾಕಿದ್ದು ಮೇಷ್ಟ್ರಲ್ಲ. ಹೂಗ್ಯಂನ ಮಾದೇವಮ್ಮ.

ಹೂಗ್ಯಂ ಹನೂರಿನ ಆಚೆ, ಕಾಡಿನ ಅಂಚಿನಲ್ಲಿರುವ ಊರು. ಮಾದೇವಮ್ಮ ಅಲ್ಲಿನ ರೈತ ಹೆಂಗಸು, ನಲವತ್ತರ ಆಸುಪಾಸು. ಗಂಡ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರ್ ಓಡಿಸುತ್ತಾನೆ. ಕಬ್ಬು ಅರೆಯುವ ಕಾಲದಲ್ಲಿ ಅವನು ಮನೆಯ ಮುಖ ಕಾಣುವುದು ಅಪರೂಪ. ಮೆಣಸಿನಕಾಯಿ ಹೊಲವೆಲ್ಲ ಇವಳದೇ ಕಾರುಬಾರು. ಬೋರ್‌ವೆಲ್ ಇರುವುದು ಮನೆಯಿಂದ ದೂರ, ಆನೆ ಬರದಿರಲೆಂದು ತೋಡಿದ ಕಂದಕದ ಪಕ್ಕ. ಆನೆಗಳು ಆ ಕಂದಕವನ್ನು ಅಷ್ಟೇನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಬರುವುದು ಬೆಳಕು ಹರಿಯುವ ಮುಂಚೆ. ಹೊಲದಲ್ಲಿ ಮೇದ ಆನೆಗಳು ಕಾಡಿಗೆ ವಾಪಸು ಹೊರಡುವುದೂ ಅದೇ ಹೊತ್ತಿಗೆ.

ಒಂದು ದಿನ ಬ್ಯಾಟರಿ ಹಿಡಿದು ಸ್ವಿಚ್ಚು ಹಾಕಲು ಹೋದಾಗ ಪಂಪ್‌ಮನೆಯ ಪಕ್ಕ ಅವಳು ಬಂಡೆ ಎಂದುಕೊಂಡದ್ದು ಕಿವಿ ಆಡಿಸಿತಂತೆ. ಹೇಗೆ ಮನೆ ಸೇರಿದಳೋ ಅವಳಿಗೇ ನೆನಪಿಲ್ಲ. ಮಾರನೆಯ ದಿನ ನನ್ನ ಅಂಗಡಿಯ ಮುಂದೆ ನಿಂತಿದ್ದಳು.

“ಸಿದ್ದಣ್ಣ, ಇನ್ನು ನಾನು ಆ ಕತ್ಲೆಲಿ ಓಗಕ್ಕಿಲ್ಲ. ಮನೇಲೇ ಕುಂತ್ಕಂಡು ಪೋನಲ್ಲಿ ಮೋಟ್ರು ಆನ್ ಮಾಡೋದು ಅದ್ಯಾವ್ದೋ ಬಂದದಂತಲ್ಲಾ, ಅದ ಹಾಕ್ಕೊಟ್ಬುಡಿ.”

ಬಂದಿತ್ತು. ಮೊಬೈಲ್ ಸ್ಟಾರ್ಟರ್ ಎಂಬ ಬಾಕ್ಸು. ಅದರ ಹೊಟ್ಟೆಯೊಳಗೆ ಒಂದು ಸಿಮ್ಮು. ಮನೆಯಿಂದ ಅದರ ನಂಬರಿಗೆ ಫೋನು ಮಾಡಿ ಒಂದು ಒತ್ತಿದರೆ ಮೋಟಾರು ತಿರುಗುತ್ತದೆ. ತಂದು ಹಾಕಿದೆ. ಹಾಕಿದ್ದು ಹೇಗೆ ಎಂಬುದನ್ನು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ವೈರು ಒಳಗೆ ಹೋಗುವ ತೂತುಗಳೆಲ್ಲ ಬಾಕ್ಸಿನ ಒಂದೇ ಬದಿಗಿದ್ದವು. ನಮ್ಮ ಕಡೆ ಪಂಪ್‌ಮನೆಗಳಿಗೆ ವೈರು ಕಂಬದಿಂದ ಸೂರಿಗೆ ಬಂದು, ಸೂರಿನಿಂದ ಇಳಿಯುತ್ತದೆ. ತೂತು ಮೇಲಕ್ಕಿದ್ದರೆ ವೈರು ದಾರ ಕಟ್ಟಿದ ಹಾಗೆ ನೆಟ್ಟಗೆ ಬಂದು ಸೇರುತ್ತದೆ, ನೋಡಲು ಅಂದ. ನನ್ನ ಕೆಲಸ ಅಂದವಾಗಿರಬೇಕು ಎಂಬುದು ನನ್ನ ಹಟ. ಹಾಗಾಗಿ ಬಾಕ್ಸನ್ನು ತಿರುಗಿಸಿ ತೂತು ಮೇಲೆ ಮಾಡಿ ಕೂರಿಸಿದೆ. ಬಾಕ್ಸಿನ ಮೇಲಿದ್ದ ಇಂಗ್ಲಿಷ್ ಅಕ್ಷರಗಳು ತಲೆಕೆಳಗಾಗಿ ನೇತಾಡಿದವು. ಏರಿಯಲ್ಲು ನೆಲ ನೋಡುತ್ತಿತ್ತು.

“ಅಣ್ಣಾ, ಅಕ್ಸರ ಉಲ್ಟಾ ಅವಲ್ಲಾ?” ಎಂದಳು ಮಾದೇವಮ್ಮ.

“ಮೋಟ್ರು ಏನ್ ಓದಕ್ಕೋಯ್ತದವ್ವಾ? ನೀರ್ ಎತ್ತಕ್ ತಾನೆ ಅದಿರೋದು?” ಎಂದೆ. ನನ್ನ ಹಾಸ್ಯಕ್ಕೆ ನಾನೇ ನಕ್ಕೆ. ಬಾಕ್ಸಿನ ಜೊತೆ ಬಂದಿದ್ದ ಕಾಗದವನ್ನು ಮಡಿಸಿ ಸೂರಿನ ಸಂದಿಗೆ ಸಿಕ್ಕಿಸಿದೆ. ಮೂವತ್ತು ವರ್ಷದ ಅನುಭವಸ್ಥನಿಗೆ ಕಾಗದ ಏನು ಹೇಳಿಕೊಟ್ಟೀತು?

ಹತ್ತು ದಿನ ಚೆನ್ನಾಗಿ ನಡೆಯಿತು. ಹನ್ನೊಂದನೆಯ ದಿನ ಮಳೆ ಬಂತು. ವೈರು ಹಿಡಿದು ಇಳಿದ ನೀರು, ನಾನು ಅಂದವಾಗಿ ಮಾಡಿಕೊಟ್ಟ ನೆಟ್ಟನೆಯ ದಾರಿಯಲ್ಲೇ ನೆಟ್ಟಗೆ ಬಾಕ್ಸಿನೊಳಗೆ ಹೋಗಿ ಕೂತಿತು. ಬಾಕ್ಸು ಫೋನಿಗೆ ಓಗೊಡುವುದನ್ನು ನಿಲ್ಲಿಸಿತು. ನನಗೆ ಸುದ್ದಿ ಮುಟ್ಟಿ ನಾನು ಹೋಗುವ ಹೊತ್ತಿಗೆ ಮಾದೇವಮ್ಮ ಎರಡು ಬೆಳಗು ಮತ್ತೆ ಅದೇ ಕತ್ತಲಲ್ಲಿ, ಅದೇ ಕಂದಕದ ದಾರಿಯಲ್ಲಿ ನಡೆದು ಹೋಗಿ ಕೈಯಿಂದ ಸ್ವಿಚ್ಚು ಹಾಕಿ ಬಂದಿದ್ದಳು. ಹೊಸದಾಗಿ ನೆಟ್ಟ ಮೆಣಸಿನ ಪೈರು, ಬಾಕ್ಸು ಕೆಡಿಸಲು ಸಾಕಾದರೂ ಬೇರಿಗೆ ಸಾಲದ ಮಳೆ, ಏನು ಮಾಡಿಯಾಳು? ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನದ ಹೊತ್ತು. ಕರೆಂಟು ಇರಲಿಲ್ಲ. ಇಲ್ಲದಿದ್ದರೂ ಮೊದಲು ಮೂರೂ ಫ್ಯೂಸು ಕಿತ್ತು ನನ್ನ ಅಂಗಿಯ ಜೇಬಿಗೆ ಹಾಕಿಕೊಂಡೆ. ಇದು ನಮ್ಮ ಕಸುಬಿನ ಆಚಾರ. ಕಿತ್ತ ಫ್ಯೂಸನ್ನು ಗೋಡೆಯ ಮೇಲೆ ಇಡುವುದಿಲ್ಲ, ಯಾರ ಕೈಗೂ ಕೊಡುವುದಿಲ್ಲ. ನಾನು ವೈರು ಹಿಡಿದಿರುವಾಗ ಯಾರೋ ಪುಣ್ಯಾತ್ಮ ಬಂದು ‘ಅಯ್ಯೋ, ಫ್ಯೂಸ್ ಬಿದ್ದೋಗದೆ’ ಎಂದು ಸಿಕ್ಕಿಸಿಬಿಟ್ಟರೆ? ನನಗೆ ಕೆಲಸ ಕಲಿಸಿದ ಉಸ್ತಾದರು ಮೊದಲ ದಿನ ಹೇಳಿದ್ದು ಇದೊಂದನ್ನೇ. ಪಿಂಗಾಣಿಯ ಮೂರು ಫ್ಯೂಸುಗಳ ಭಾರಕ್ಕೆ ಎದೆಯ ಜೇಬು ಜೋತುಬಿದ್ದಿದ್ದರೆ ಮಾತ್ರ ನನಗೆ ಧೈರ್ಯ.

ಬಾಕ್ಸು ಬಿಚ್ಚಿ ನೀರು ಒರೆಸಿ ಬಿಸಿಲಿಗಿಟ್ಟೆ. ಆಮೇಲೆ, ಬೇರೆ ದಾರಿಯಿಲ್ಲದೆ, ಸೂರಿನ ಸಂದಿಯಿಂದ ಕಾಗದ ತೆಗೆದೆ. ಅಕ್ಷರ ಕೂಡಿಸಿ ಓದಿದೆ: “ಮೌಂಟ್... ದ ಬಾಕ್ಸ್... ವಿತ್ ದ ಕೇಬಲ್ ಹೋಲ್ಸ್...”

ಬಾಕ್ಸು, ಕೇಬಲ್ಲು. ಅಷ್ಟು ಸಾಕಾಗಿತ್ತು ನನಗೆ. ಸ್ಕ್ರೂಡ್ರೈವರ್ ಹಿಡಿದು ಎದ್ದೆ.

“ಅಣ್ಣಾ, ಬಾಲ ಓದ್ಲಿಲ್ಲ ನೀವು,” ಎಂದಳು ಮಾದೇವಮ್ಮ.

“ಯಾವ್ ಬಾಲ?”

“ಓಲ್ಸು ಆದ್ಮೇಲೆ ಇನ್ನೊಂದು ಇರ್ತದೆ ನೋಡಿ. ಅಪ್ಪೋ ಡೌನೋ.”

ಇತ್ತು. ಡೌನ್. ನಾನು ಅವಳ ಮುಖ ನೋಡಿದೆ. ನಾಲ್ಕನೇ ಕ್ಲಾಸು ಓದಿದವಳು, ಇಂಗ್ಲಿಷ್ ಅಕ್ಷರವೇ ಗೊತ್ತಿಲ್ಲದವಳು.

“ತಿರುಪ್ಪೂರಲ್ಲಿ ಎಂಟು ವರ್ಸ ಬನೀನ್ ಕಂಪ್ನಿಲಿ ಒಲ್ದಿವ್ನಿ ಅಣ್ಣ. ಸೂಪರ್ವೈಸರ್ ದಿನಾ ಅದೇ ಬಡ್ಕಳೋನು, ‘ಲೇಬಲ್ ಅಪ್ ವೈಮ್ಮಾ, ಪೇಸ್ ಡೌನ್ ವೈಮ್ಮಾ’ ಅಂತ. ವೈ ಅಂದ್ರೆ ತಮಿಳಲ್ಲಿ ಇಡು ಅಂತ. ಎಸ್ರು ಮೊದ್ಲು ಬತ್ತದೆ, ಅದ್ರ ಮಕ ಯಾವ್ ಕಡೀಕೆ ಅನ್ನೋದು ಆಮ್ಯಾಕೆ. ಎಸ್ರು ಕೇಳ್ತಿದ್ದಂಗೇ ಮಿಸನ್ ತುಳ್ದೋ, ಪೀಸು ರಿಜೆಕ್ಟು. ಬಾಲ ಬರಗಂಟ ಕೈ ಎತ್ತಿಡ್ಕಂಡು ಕಾಯ್ಬೇಕು.”

ಹೇಳುತ್ತ ಎರಡು ಕೈಯನ್ನೂ ಮೆಷೀನಿನ ಮೇಲೆ ಎತ್ತಿ ಹಿಡಿದು ತೋರಿಸಿದಳು. ಹೊಲಿಯುವ ಕೈ ಗಾಳಿಯಲ್ಲಿ ನಿಂತು, ಒಂದು ಸಣ್ಣ ಪದಕ್ಕೆ ಕಾಯುವ ಆ ಭಂಗಿ ನನ್ನ ಕಣ್ಣಲ್ಲಿ ಇನ್ನೂ ಇದೆ.

ಆಮೇಲಿನ ಒಂದು ಗಂಟೆ ನಾವಿಬ್ಬರೂ ಸೇರಿ ಒಬ್ಬ ಓದು ಬಲ್ಲವನಾದೆವು. ಅಕ್ಷರ ನನ್ನದು, ಅರ್ಥ ಅವಳದು. ನಾನು ‘ವಿತ್ ದ ಏರಿಯಲ್ ಅಪ್’ ಎಂದರೆ ಅವಳು ಬೆರಳನ್ನು ಆಕಾಶಕ್ಕೆ ತೋರಿಸುವಳು. ‘ವಿತ್ ದ ಕವರ್ ಆನ್’ ಎಂದರೆ ಅಂಗೈ ಮುಚ್ಚುವಳು. ವೈರನ್ನು ಕೆಳಗೆ ಇಳಿಸಿ, ಬಾಗಿಸಿ, ಮತ್ತೆ ಮೇಲಕ್ಕೆ ತಂದು ತೂತಿಗೆ ಸೇರಿಸಿದೆ. ನೀರು ಬಂದರೆ ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳಬೇಕು. ನೋಡಲು ಅಂದವಿರಲಿಲ್ಲ. ಅಕ್ಷರಗಳು ನೆಟ್ಟಗೆ ನಿಂತವು.

“ಈಗ ಮೋಟ್ರು ಓದ್ಕಬೋದು,” ಎಂದಳು. ನನ್ನ ಹಾಸ್ಯವನ್ನು ಇಷ್ಟು ದಿನ ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡು ಈಗ ವಾಪಸು ಕೊಟ್ಟಿದ್ದಳು.

ಕಾಗದದ ಕೊನೆಯ ಸಾಲು, ಮುಚ್ಚಳ ತೆರೆಯುವುದೇನಿದ್ದರೂ ‘ವಿತ್ ದ ಪವರ್ ಆಫ್’ ಎಂದಿತ್ತು. “ಇದು ಮಾತ್ರ ನಂಗೆ ಯಾರೂ ಏಳ್ಕೊಡ್ಬೇಕಾಗಿಲ್ಲ ಕಣವ್ವ,” ಎಂದು ಜೇಬು ತಟ್ಟಿ ತೋರಿಸಿದೆ. ಫ್ಯೂಸುಗಳು ಕಟಕಟ ಎಂದವು. ಅವಳು ನಕ್ಕಳು. ಕರೆಂಟು ಇಲ್ಲದ್ದರಿಂದ ಓಡಿಸಿ ನೋಡುವ ಹಾಗಿರಲಿಲ್ಲ. “ಬೆಳಿಗ್ಗೆ ಮನೆಯಿಂದ್ಲೇ ಪೋನ್ ಮಾಡು, ಮೋಟ್ರು ತಾನಾಗೇ ತಿರುಗ್ತದೆ,” ಎಂದು ಆಶ್ವಾಸನೆ ಕೊಟ್ಟು, ಹನೂರಿನಲ್ಲಿ ಒಂದು ಟೀ ಕುಡಿದು, ಒಂದು ದೊಡ್ಡ ಗ್ರಂಥ ಓದಿ ಮುಗಿಸಿದವನ ಗಾಂಭೀರ್ಯದಲ್ಲಿ ಕೊಳ್ಳೇಗಾಲ ಸೇರಿದೆ.

ದೀಪ ಹಚ್ಚುವ ಹೊತ್ತಿಗೆ ಬಚ್ಚಲಿನಿಂದ ರಾಜಮ್ಮನ ದನಿ ಬಂತು. “ರೀ, ಅಂಗೀಲಿ ಇದೇನ್ರಿ ಕಲ್ಲು?”

ಕಲ್ಲಲ್ಲ. ಮೂರು ಫ್ಯೂಸು.

ಬಾಕ್ಸು ನೆಟ್ಟಗಿದೆ, ಏರಿಯಲ್ಲು ಮೇಲಿದೆ, ಮುಚ್ಚಳ ಮುಚ್ಚಿದೆ, ಎಲ್ಲ ಕಾಗದದ ಪ್ರಕಾರ. ಕರೆಂಟು ಮಾತ್ರ ನನ್ನ ಬಚ್ಚಲಲ್ಲಿದೆ. ಬೆಳಿಗ್ಗೆ ಮಾದೇವಮ್ಮ ಫೋನು ಮಾಡುತ್ತಾಳೆ, ಮೋಟಾರು ತಿರುಗುವುದಿಲ್ಲ. ಪೈರು ಒಣಗುತ್ತಿದೆ. ಏನಾಯಿತೋ ನೋಡೋಣ ಎಂದು ಬ್ಯಾಟರಿ ಹಿಡಿದು ಹೊರಡುತ್ತಾಳೆ. ಆ ದಾರಿಯಲ್ಲಿ ಬಂಡೆಗಳು ಕಿವಿ ಆಡಿಸುತ್ತವೆ.

ಅವಳಿಗೆ ಫೋನು ಮಾಡಿದೆ. ಆ ಊರಿನಲ್ಲಿ ಕರೆಂಟಿನ ಜೊತೆ ಸಿಗ್ನಲ್ಲೂ ಹೋಗುತ್ತದೆ. ಎಷ್ಟು ಸಲ ಮಾಡಿದರೂ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂಬ ಹೆಂಗಸಿನ ದನಿಯೊಂದೇ. ಆ ಹೊತ್ತಿನಲ್ಲಿ ಕಾಡಿನ ದಾರಿ ಹಿಡಿಯುವ ಹಾಗಿಲ್ಲ. ರಾಜಮ್ಮ ಬಾಗಿಲಿಗೆ ಅಡ್ಡ ನಿಂತಳು. ಬೆಳಕು ಹರಿದದ್ದೇ ತಡ, ಒಗೆಯದ ಅದೇ ಅಂಗಿ ತೊಟ್ಟು, ಅದೇ ಜೇಬಿಗೆ ಫ್ಯೂಸು ಹಾಕಿಕೊಂಡು ಬೈಕು ಹತ್ತಿದೆ. ಹನೂರಿನಲ್ಲಿ ಟೀ ನೆನಪಾಗಲಿಲ್ಲ. ದಾರಿಯುದ್ದಕ್ಕೂ ಎದೆಗೆ ಆ ಮೂರು ಪಿಂಗಾಣಿ ಬಡಿಯುತ್ತಿದ್ದವು.

ಮಾದೇವಮ್ಮ ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಲ್ಲಲೂ ಇಲ್ಲ.

“ಬಂದ್ರಾ? ತಂದ್ರಾ?”

ಜೇಬು ಮುಟ್ಟಿ ತೋರಿಸಿದೆ.

“ಪೋನ್ ಮಾಡ್ದೆ. ಸುಚ್ಚಾಫ್ ಅಂತು. ಚಪ್ಲಿ ಮೆಟ್ಕಂಡೆ, ಬ್ಯಾಟ್ರಿನೂ ತಕಂಡೆ. ಆಮೇಲೆ ಅದ್ಯಾಕೋ ವಸ್ಲು ಮೇಲೇ ನಿಂತ್ಕಂಡು ನಿಮ್ ಕಾಗ್ದ ಒಂದ್ಸಲ ಗ್ಯಾಪ್ಕ ಮಾಡ್ಕಂಡೆ. ತೂತು ಡೌನು, ಸರಿ. ಏರಿಯಲ್ ಅಪ್ಪು, ಸರಿ. ಮುಚ್ಳ ಆನು, ಸರಿ. ಪವರ್ ಆಫು ಅಂತ ನೀವು ಜೋಬು ತಟ್ಟುದ್ರಲ್ಲಾ, ಆ ಕಟಕಟ ಕಿವೀಲಿ ಬಂತು. ಓ, ಪವರ್ರು ಕೊಳ್ಳೇಗಾಲಕ್ಕೋಗಿ ಮನಿಕಂಡದೆ, ನಾನ್ಯಾಕ್ ಎದ್ದಿರ್ಲಿ ಅಂತ ಚಪ್ಲಿ ಬುಟ್ಟು ಒಳೀಕೋದೆ.”

ಇಬ್ಬರೂ ಪಂಪ್‌ಮನೆಗೆ ನಡೆದೆವು. ಕಂದಕದ ಪಕ್ಕದ ದಾರಿಯ ನಟ್ಟನಡುವೆ ಹಸಿ ಲದ್ದಿ ಬಿದ್ದಿತ್ತು, ಇನ್ನೂ ಸಣ್ಣಗೆ ಆವಿಯಾಡುತ್ತಿತ್ತು. ನಾನು ಅದನ್ನು ನೋಡಿದೆ. ಅವಳೂ ನೋಡಿದಳು. ಸುತ್ತು ಹಾಕಿ ದಾಟಿದೆವು.

ಕರೆಂಟು ಹೋಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಫ್ಯೂಸು ಸಿಕ್ಕಿಸಿದೆ. ಅಲ್ಲೇ ಗುಂಡಿ ಒತ್ತಿ ಓಡಿಸಿಬಿಡೋಣ ಎಂದೆ. ಅವಳು ಒಪ್ಪಲಿಲ್ಲ. ಮನೆಯಿಂದಲೇ ಓಡಬೇಕು, ಅದಕ್ಕೇ ತಾನೆ ಇಷ್ಟೆಲ್ಲ. ಮತ್ತೆ ಜಗಲಿಗೆ ಬಂದೆವು. ಬೆಳ್ಳುಳ್ಳಿ ಸುಲಿದ ಬೆರಳು ಸೀರೆಗೆ ಒರೆಸಿಕೊಂಡು ನಂಬರು ಒತ್ತಿದಳು, ದನಿ ಇಬ್ಬರಿಗೂ ಕೇಳುವ ಹಾಗೆ ಫೋನನ್ನು ನಡುವೆ ಹಿಡಿದಳು. ಬಾಕ್ಸು ಫೋನು ಎತ್ತಿತು. ಅವಳು ಒಂದು ಒತ್ತಿದಳು. ಕಬ್ಬಿಣದ ಗಂಟಲಿನ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಶುರು ಮಾಡಿತು:

“ಮೋಟಾರ್ ಈಸ್...”

ಮೋಟಾರು ಎಂದ ಕೂಡಲೇ ನಾನು ಅಭ್ಯಾಸದಂತೆ ಬಾಯಿ ತೆರೆದಿದ್ದೆ. ಮಾದೇವಮ್ಮ ಇನ್ನೊಂದು ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದಳು. ನಾನೂ, ಯಾಕೋ, ನನಗೇ ಗೊತ್ತಿಲ್ಲದೆ ಕೈ ಎತ್ತಿದೆ. ಜಗಲಿಯ ಮೇಲೆ ಕೈ ಎತ್ತಿಕೊಂಡು ನಿಂತ ನಮ್ಮಿಬ್ಬರನ್ನು ದಾರಿಯಲ್ಲಿ ಹೋಗುವವರು ನೋಡಿದ್ದರೆ ಪೊಲೀಸರು ಹಿಡಿದಿದ್ದಾರೆ ಎಂದುಕೊಳ್ಳುತ್ತಿದ್ದರು. ನನ್ನ ಇಷ್ಟು ವರ್ಷದ ಬದುಕಿನಲ್ಲಿ ಯಾವ ಮಾತಿನ ಕೊನೆಗೂ ನಾನು ಅಷ್ಟು ಆಸೆಯಿಂದ ಕಾದದ್ದಿಲ್ಲ.

“...ಆನ್.”

ದೂರದಲ್ಲಿ, ಕಂದಕದ ಕಡೆಯಿಂದ, ಪೈಪು ಒಮ್ಮೆ ಕೆಮ್ಮಿ ನೀರು ಉಗುಳಿದ ಸದ್ದು ಕೇಳಿತು.

ಅವತ್ತಿನಿಂದ ಮುಂದಕ್ಕೆ, ಮೇಷ್ಟ್ರ ಹಾಗೆ ಹೇಳುವುದಾದರೆ ಫ್ರಮ್ ದಟ್ ಡೇ ಆನ್, ಎಲ್ಲಿಂದ ಹೊರಡುವಾಗಲೂ ಎದೆಯ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಕಾಗದ ಬಂದರೆ ಕೊನೆಯ ಪುಟ್ಟ ಪದದ ತನಕ ಓದುತ್ತೇನೆ. ಮನುಷ್ಯರ ಮಾತನ್ನೂ ಹಾಗೇ ಕೇಳಬೇಕೆಂದು ಪ್ರಯತ್ನ ನಡೆದಿದೆ. ಮೊನ್ನೆ ರಾಜಮ್ಮ “ನಿಮ್ಮಂಥೋರು ಇಡೀ ಕೊಳ್ಳೇಗಾಲದಲ್ಲೇ” ಎಂದು ಶುರು ಮಾಡಿದಳು. ಹಿಂದಿನ ಸಿದ್ದಪ್ಪನಾಗಿದ್ದರೆ ಅಲ್ಲಿಗೇ ಎದೆ ಉಬ್ಬಿಸಿಬಿಡುತ್ತಿದ್ದ. ನಾನು ಕೈ ಎತ್ತಿ ಹಿಡಿದು ಕಾದೆ. ಅವಳು ನನ್ನ ಕೈ ನೋಡಿದಳು, ನಕ್ಕಳು, ಮಾತು ಮುಗಿಸದೆ ಒಳಗೆ ಹೋದಳು. ಇನ್ನೂ ಕಾಯುತ್ತಿದ್ದೇನೆ.